ಪದಚರ್ಚೆ: ವಿಡಿಯೋ ಫೋನಿನ ಹೋಲ್ಡ್, ಮ್ಯೂಟ್, ಟ್ರಾನ್ಸ್‌ಫರ್ – ನಾಳೆಯೊಳಗೆ ಬೇಕು

ಮಂಗಳೂರಿನಿಂದ:
ಒಂದು ಸಹಕಾರಿ ಸಂಘದ ಶಾಖೆಗಳಿಗೆ ಐಪಿ (ಕಂಪ್ಯೂಟರ್ ಜಾಲದ ಮೂಲಕ ಓಡುವ) ವಿಡಿಯೋ ಫೋನ್ ಬರ್ತಾ ಉಂಟು. ಫೋನಿನ ಪಕ್ಕ ಅಂಟಿಸುವ ಕಾರ್ಡಿನ ಕನ್ನಡ ನನ್ನ ಪಾಲಿಗೆ ಬಂದಿದೆ, ನಾಳೆ ಸಂಜೆ ಪ್ರೆಸ್ಸಿಗೆ ಹೋಗಬೇಕು. ಮುಂಬದಿಗೆ ಹೋಲ್ಡ್, ಮ್ಯೂಟ್, ಎರಡು ಬಗೆಯ ಟ್ರಾನ್ಸ್‌ಫರ್, ಪಾರ್ಕ್. ಹಿಂಬದಿಯಲ್ಲಿ ಫೋನ್ ಜೋಡಿಸುವವರಿಗಾಗಿ ಪ್ರೋಟೊಕಾಲ್, ಜಿಟರ್. ಹೋಲ್ಡಿಗೆ ‘ತಡೆಹಿಡಿ’ ಅಂತ ಬರೆದಿದ್ದೇನೆ. ಆಗಬಹುದಾ?

ಮಣಿಪಾಲದಿಂದ:
ಆಗುವುದಿಲ್ಲ. ಸಂಬಳ ತಡೆಹಿಡೀತಾರೆ, ಬಡ್ತಿ ತಡೆಹಿಡೀತಾರೆ. ಆ ಗುಂಡಿ ಒತ್ತಿದರೆ ಕರೆ ಕಡಿದೇ ಹೋಯ್ತು ಅಂತ ಕೌಂಟರಿನವರು ಹೆದರ್ತಾರೆ. ‘ಕಾಯಿಸು’ ಸಾಕು.

ಪದ ಹುಡುಕುವ ಮೊದಲು ಎರಡು ಗುಂಡಿಗಳ ಕೆಲಸ ಬೇರೆ ಬೇರೆ ಅಂತ ಕಾರ್ಡಿನಲ್ಲಿ ತಿಳಿಯಬೇಕು. ಹೋಲ್ಡ್ ಒತ್ತಿದಾಗ ಫೋನು ಆಚೆ ಕಡೆಗೆ ಇನ್ನೊಂದು ಇನ್ವೈಟ್ (ಕರೆ ಹೂಡುವ ಸಂದೇಶ) ಕಳಿಸಿ ‘ಇನ್ನು ನಿನ್ನಿಂದ ತೆಗೆದುಕೊಳ್ಳುವುದಿಲ್ಲ’ ಅನ್ನುತ್ತದೆ. ಆಮೇಲೆ ಎರಡೂ ಕಡೆಯ ಮಾತು ನಿಂತು ಅವರಿಗೆ ಸಂಗೀತ ಕೇಳ್ತದೆ. ಮ್ಯೂಟಿನಲ್ಲಿ ಇಂಥದ್ದೇನೂ ಇಲ್ಲ. ನಿಮ್ಮ ಮೈಕು ಮಾತ್ರ ಬಂದ್. ಅವರು ಹೇಳಿದ್ದು ನಿಮಗೆ ಕೇಳ್ತಾ ಇರ್ತದೆ, ಸಾಮಾನ್ಯವಾಗಿ ಕ್ಯಾಮೆರಾವೂ ಓಡ್ತಾ ಇರ್ತದೆ. ಮ್ಯೂಟ್ ಮಾಡಿದೆ ಅಂದುಕೊಂಡು ಬೇರೆ ಗ್ರಾಹಕರ ಪಾಸ್‌ಬುಕ್ ಬಿಡಿಸಿದರೆ ಆಚೆಯವರಿಗೆ ಪುಟ ಕಾಣ್ತದೆ. ಹಾಗಾಗಿ ‘ಮೌನ’ ಅಂತ ಬರೆಯಬೇಡಿ. ‘ನನ್ನ ದನಿ ಬಂದ್’ ಅಂತ ಹಾಕಿ, ಕೆಳಗೆ ಸಣ್ಣಕ್ಷರದಲ್ಲಿ ‘ಚಿತ್ರ ಹೋಗುತ್ತಿರುತ್ತದೆ’ ಅನ್ನಿ.

ಟ್ರಾನ್ಸ್‌ಫರಿಗೆ ‘ಕೇಳಿ ದಾಟಿಸು’, ‘ನೇರ ದಾಟಿಸು’. ಮೊದಲನೆಯದರಲ್ಲಿ ಕರೆಯನ್ನು ಕಾಯಿಸಿ, ಮ್ಯಾನೇಜರ ಹತ್ತಿರ ಮಾತಾಡಿ, ಆಮೇಲೆ ಕೊಡುವುದು. ಎರಡನೆಯದರಲ್ಲಿ ನಂಬರ್ ಒತ್ತಿ ಕೈಬಿಡುವುದು. ಆ ಸೀಟಿನಲ್ಲಿ ಜನ ಇಲ್ಲದಿದ್ದರೆ ಪಾಪ, ಗ್ರಾಹಕರು ರಿಂಗು ಕೇಳುತ್ತಾ ಕೂರಬೇಕು. ಪಾರ್ಕಿಗೆ ‘ಇಟ್ಟಿರು’. ಕರೆಯನ್ನು ಒಂದು ನಂಬರಿನಲ್ಲಿ ಇಟ್ಟರೆ ಆ ನಂಬರ್ ಒತ್ತಿ ಬೇರೆ ಫೋನಿನಿಂದ ಎತ್ತಿಕೊಳ್ಳಬಹುದು.

ಉಡುಪಿಯಿಂದ:
ಮುಂಬದಿ ಚೆನ್ನಾಗಿದೆ. ಹಿಂಬದಿಯಲ್ಲಿ ‘ಪ್ರೋಟೊಕಾಲ್’ ಯಾಕೆ? ಕಟ್ಟಳೆ ಇರುವಾಗ! ಕಟ್ಟು ಧಾತುವಿನಿಂದ ಬಂದದ್ದು, ತಮಿಳಿನಲ್ಲಿ ಕಟ್ಟಳೈ. ದೈವದ ಕಟ್ಟುಕಟ್ಟಳೆ ಅಂತ ನಮ್ಮೂರಲ್ಲಿ ದಿನಾ ಹೇಳ್ತೇವೆ. ಯಾರು ಮೊದಲು, ಯಾರು ಆಮೇಲೆ, ಯಾವ ಮಾತಿಗೆ ಯಾವ ಉತ್ತರ – ಇದೇ ತಾನೇ ಪ್ರೋಟೊಕಾಲ್? ಅದರ ಗ್ರೀಕ್ ಮೂಲ ನೋಡಿದರೆ ಸುರುಳಿಗೆ ಅಂಟಿಸಿದ ಮೊದಲ ಹಾಳೆ ಅಷ್ಟೆ. ‘ಶಿಷ್ಟಾಚಾರ’ ಅಂತ ಮಾತ್ರ ಹಾಕಬೇಡಿ, ಅದು ಮಂತ್ರಿಗಳ ಸ್ವಾಗತಕ್ಕೆ.

ಸುರತ್ಕಲ್‌ನಿಂದ:
ಪಾಠದ ಪುಸ್ತಕಕ್ಕೆ ಕಟ್ಟಳೆ ಒಳ್ಳೆಯದು. ಕಾರ್ಡಿಗೆ ಬೇಡ. ಫೋನಿನ ಮೆನುವಿನಲ್ಲಿ ಪ್ರೋಟೊಕಾಲಿನ ಹೆಸರು ಎಸ್‌ಐಪಿ ಅಂತಲೇ ಇರ್ತದೆ. ಜೋಡಿಸುವವನು ಅದನ್ನೇ ಹುಡುಕುವುದು.

ಅವನಿಗೆ ತಿಳಿಯಬೇಕಾದದ್ದು ಬೇರೆ. ಕರೆ ಸೇರಿಸುವುದು ಎಸ್‌ಐಪಿ, ಸಾಮಾನ್ಯವಾಗಿ 5060ನೇ ಪೋರ್ಟು (ಜಾಲದ ಬಾಗಿಲಿನ ನಂಬರ್), ಟಿಎಲ್‌ಎಸ್ (ಗುಟ್ಟಿನ ಲಿಪಿಯ ಸಂಪರ್ಕ) ಇದ್ದರೆ 5061. ಮಾತು, ಚಿತ್ರ ಹೊರುವುದು ಆರ್‌ಟಿಪಿ ಅನ್ನುವ ಇನ್ನೊಂದು ಪ್ರೋಟೊಕಾಲ್, ಬೇರೆ ಪೋರ್ಟುಗಳಲ್ಲಿ. ಫೈರ್‌ವಾಲಿನಲ್ಲಿ (ಜಾಲದ ಕಾವಲಿನಲ್ಲಿ) 5060ಕ್ಕೆ ಮಾತ್ರ ದಾರಿ ಬಿಟ್ಟರೆ ರಿಂಗಾಗ್ತದೆ, ಎತ್ತಿದ ಮೇಲೆ ಮಾತಿಲ್ಲ, ಇಲ್ಲವೇ ಒಂದೇ ಕಡೆಗೆ ಕೇಳ್ತದೆ. ‘ಫೋನ್ ಹಾಳು’ ಅಂತ ದೂರು ಬರುವುದು ಆಗಲೇ. ಆರ್‌ಟಿಪಿಯ ಪೋರ್ಟುಗಳು ಎಲ್ಲಿಂದ ಎಲ್ಲಿಯವರೆಗೆ ಅಂತ ಎಕ್ಸ್‌ಚೇಂಜಿನ ಸೆಟ್ಟಿಂಗಿನಲ್ಲಿ ನೋಡಿ ಕಾರ್ಡಿನಲ್ಲೇ ಅಚ್ಚು ಹಾಕಿಸಿ.

ಜಿಟರಿಗೆ ‘ವಿಳಂಬ’ ತಪ್ಪು. ದನಿಯನ್ನು ಅಂಕಿಗಿಳಿಸುವ ಜಿ.711 ಕ್ರಮದಲ್ಲಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್ (ದನಿಯ ತುಣುಕು) ಹೊರಡ್ತವೆ. ಎಲ್ಲವೂ 100 ಮಿಲಿಸೆಕೆಂಡು ತಡವಾಗಿ ಬಂದರೂ ಮಾತು ಸ್ಪಷ್ಟ. ಒಂದು 40ಕ್ಕೆ, ಮತ್ತೊಂದು 130ಕ್ಕೆ ಬಂದರೆ ಅಕ್ಷರ ನುಂಗಿಹೋಗ್ತದೆ. ‘ತಡದ ಏರುಪೇರು’ ಅನ್ನಿ. ಅದು ಜಾಸ್ತಿ ಇದ್ದರೆ ಜಾಲದ ಸ್ವಿಚ್ಚಿನಲ್ಲಿ ಫೋನಿಗೆ ಬೇರೆ ವಿಎಲ್‌ಎಎನ್ (ಪ್ರತ್ಯೇಕ ಒಳಜಾಲ) ಮಾಡಿ, ಪ್ಯಾಕೆಟ್ಟಿನ ಆದ್ಯತೆ ತಿಳಿಸುವ ಡಿಎಸ್‌ಸಿಪಿ ಸಂಖ್ಯೆಯನ್ನು ದನಿಗೆ 46, ವಿಡಿಯೋಗೆ 34 ಕೊಡಬೇಕು.

ಕುಂದಾಪುರದಿಂದ:
ಎಲ್ಲರೂ ‘ಕರೆ’ ‘ಕರೆ’ ಅಂತಿದ್ದೀರಿ. ಕರಾವಳಿಯಲ್ಲಿ ಕರೆ ಅಂದರೆ ದಡ. ಕಂಬಳದಲ್ಲಿ ಕೋಣ ಓಡುವ ಜಾಡೂ ಕರೆ, ಜೋಡುಕರೆ ಗೊತ್ತಿಲ್ವಾ? ಬಟ್ಟೆಗೆ ಹತ್ತುವುದೂ ಕರೆ. ‘ಕಾಲ್’ ಅಂತಲೇ ಬರೆಯಿರಿ.

ಉಡುಪಿಯಿಂದ:
‘ಕಾಲ್’ ಅಂದರೆ ಕಾಲು ಅಂತ ಓದುವವರಿಲ್ವಾ? ‘ಕರೆ ಬಂತು’ ಅಂದಾಗ ದಡ ಬಂತು ಅಂತ ಯಾರೂ ತಿಳಿಯುವುದಿಲ್ಲ. ಹೀಗೇ ಒಂದೊಂದೇ ಬಿಡುತ್ತಾ ಹೋದರೆ ಕ್ರಿಯಾಪದವೂ ಇಂಗ್ಲಿಷಿನದೇ ಆಗ್ತದೆ. ‘ಹೋಲ್ಡ್ ಮಾಡಿ ಟ್ರಾನ್ಸ್‌ಫರ್ ಮಾಡಿ’ ಅಂತ. ಕನ್ನಡದ್ದು ಅಂತ ಉಳಿಯುವುದು ‘ಮಾಡಿ’ ಒಂದೇ.

ಸುರತ್ಕಲ್‌ನಿಂದ:
ಬಟಾಟೆ, ಚಾವಿ ಪೋರ್ಚುಗೀಸರದು, ಅರ್ಜಿ ಅರಬ್ಬಿಯದು. ಅವು ಬಂದು ಕನ್ನಡ ಸಾಯಲಿಲ್ಲ ಮಾರಾಯ್ರೆ.

ಉಡುಪಿಯಿಂದ:
ಅವು ಹೆಸರುಗಳು. ನಾನು ಹೇಳಿದ್ದು ಕ್ರಿಯೆಯ ಮಾತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮಣಿಪಾಲದಿಂದ:
ಇದರಲ್ಲಿ ಉಡುಪಿಯವರ ಮಾತು ಸರಿ. ಹೆಸರು ಹೇಗೆ ಬಂತೋ ಹಾಗೇ ಇರಲಿ: ಎಸ್‌ಐಪಿ, ಪೋರ್ಟು, ಸ್ವಿಚ್ಚು. ಬೆರಳಿನಿಂದ ಮಾಡುವ ಕೆಲಸ ಕನ್ನಡದಲ್ಲಿರಲಿ: ಕಾಯಿಸು, ದಾಟಿಸು, ಇಟ್ಟಿರು. ಕಟ್ಟಳೆಯ ಚರ್ಚೆಗೆ ಬೇರೆ ಎಳೆ ತೆರೆಯಿರಿ, ಇವರಿಗೆ ನಾಳೆ ಪ್ರೆಸ್ಸು.

ಮಂಗಳೂರಿನಿಂದ:
ಮುಂಬದಿ ಇಷ್ಟು: ಕಾಯಿಸು; ನನ್ನ ದನಿ ಬಂದ್ (ಚಿತ್ರ ಹೋಗುತ್ತಿರುತ್ತದೆ); ಕೇಳಿ ದಾಟಿಸು; ನೇರ ದಾಟಿಸು; ಇಟ್ಟಿರು. ಹಿಂಬದಿಯಲ್ಲಿ ಪ್ರೋಟೊಕಾಲ್, ತಡದ ಏರುಪೇರು. ಪ್ರತಿ ಕನ್ನಡ ಪದದ ಎದುರು ಫೋನಿನ ಗುಂಡಿಯ ಚಿಹ್ನೆ ಹಾಕಿಸ್ತೇನೆ. ಜಾಗ ಇನ್ನೊಂದು ಸಾಲಿಗೆ ಉಂಟು.

ಸುರತ್ಕಲ್‌ನಿಂದ:
ಹಾಗಾದರೆ ಇದನ್ನು ಹಾಕಿ: ‘ಎತ್ತಿದ ಕರೆ ಪ್ರತಿಸಲವೂ ಸುಮಾರು 32 ಸೆಕೆಂಡಿಗೆ ಕಡಿದರೆ ರೂಟರಿನಲ್ಲಿ ಎಸ್‌ಐಪಿ ಎಎಲ್‌ಜಿ ಆಫ್ ಮಾಡಿ ನೋಡಿ.’ ಎತ್ತಿದ ಕಡೆಯ ‘ಓಕೆ’ಗೆ ಎಸಿಕೆ (‘ತಲುಪಿತು’ ಅನ್ನುವ ಸಂದೇಶ) ವಾಪಸು ಸೇರದಿದ್ದಾಗ ಅದು 32 ಸೆಕೆಂಡು ಕಾದು ಕರೆ ಕಡಿಯುತ್ತದೆ. ಎಎಲ್‌ಜಿ ಅಂದರೆ ಎಸ್‌ಐಪಿ ಸಂದೇಶದೊಳಗಿನ ವಿಳಾಸ ತಿದ್ದುವ ರೂಟರಿನ ಸೌಲಭ್ಯ. ಅದು ಮಧ್ಯೆ ಕೈಹಾಕಿ ವಿಳಾಸ ತಪ್ಪಿಸಿದಾಗ ಹೀಗಾಗುವುದು ಹೆಚ್ಚು. ಕೇಬಲ್ ಬದಲಿಸಿ ಪ್ರಯೋಜನ ಇಲ್ಲ.