ಕ್ರಿಯಾಟಿನಿನ್ 3.8: ಮೆರೊಪೆನೆಮ್ ಮೊದಲ ಡೋಸ್ ಇಳಿಸಬೇಕಾ?

ನೈಟ್‌ಡ್ಯೂಟಿ_ಪಿಜಿ
ಮೂತ್ರದ ಸೋಂಕಿನಿಂದ ಸೆಪ್ಟಿಕ್ ಶಾಕ್ (ಸೋಂಕಿಗೆ ಬಿಪಿ ಕುಸಿದಿದೆ). ಗಂಡಸು, 62 ವರ್ಷ, 70 ಕೆಜಿ. ಬಿಪಿ ಏರಿಸೋಕೆ ನಾರ್‌ಅಡ್ರಿನಲಿನ್ ಓಡ್ತಿದೆ, ಮೂತ್ರ ಗಂಟೆಗೆ 15 ಎಂಎಲ್. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ನಿಮಿಷಕ್ಕೆ ಎಷ್ಟು ಎಂಎಲ್ ರಕ್ತ ಶುದ್ಧ ಮಾಡುತ್ತೆ ಅನ್ನೋದು) ಲೆಕ್ಕ ಹಾಕಿದ್ರೆ ಸುಮಾರು 20 ಬರುತ್ತೆ. ಮೆರೊಪೆನೆಮ್ ಆ್ಯಂಟಿಬಯೋಟಿಕ್ ಕಿಡ್ನಿ ಡೋಸ್ ಚಾರ್ಟ್ ಪ್ರಕಾರ 500 ಮಿಗ್ರಾಂ, 12 ಗಂಟೆಗೊಮ್ಮೆ. ಮೊದಲ ಡೋಸೇ ಅರ್ಧ ಕೊಡೋದಾ?

ಐಸಿಯು_ಫಾರ್ಮಸಿ
ಬೇಡ. ಮೊದಲ ಡೋಸಿಗೂ ಕಿಡ್ನಿಗೂ ಸಂಬಂಧವೇ ಇಲ್ಲ. ರಕ್ತನಾಳ ಸೋರ್ತಿದೆ, ಮೇಲಿಂದ ಲೀಟರ್‌ಗಟ್ಟಲೆ ಫ್ಲೂಯಿಡ್ ಹೋಗಿದೆ, ಔಷಧ ಅಷ್ಟಕ್ಕೂ ಹರಡಿ ತೆಳುವಾಗುತ್ತೆ. ಪೂರ್ತಿ 1 ಗ್ರಾಂ, 20 ಎಂಎಲ್ ಸ್ಟರೈಲ್ ವಾಟರ್‌ನಲ್ಲಿ ಕರಗಿಸಿ 3–5 ನಿಮಿಷದಲ್ಲಿ ಐವಿ ಕೊಡಿ.

ಆಮೇಲಿನ ಡೋಸ್‌ಗಳನ್ನ 100 ಎಂಎಲ್ ಸಲೈನ್‌ನಲ್ಲಿ 3 ಗಂಟೆ ಓಡಿಸಿ. ಇಲ್ಲೇ ಎಡವಟ್ಟಾಗೋದು: ಬಾಟಲಿ ಖಾಲಿಯಾದ ಕೂಡಲೇ ಸೆಟ್ ಕಿತ್ತರೆ ಟ್ಯೂಬ್‌ನಲ್ಲೇ 15–20 ಎಂಎಲ್ ಉಳಿಯುತ್ತೆ, ಅಂದ್ರೆ 150–200 ಮಿಗ್ರಾಂ ಕಸದ ಬುಟ್ಟಿಗೆ. ಸಲೈನ್ ಹಾಕಿ ಲೈನ್ ಫ್ಲಶ್ ಮಾಡ್ಲೇಬೇಕು. ಇಡೀ ದಿನದ್ದನ್ನ ಬೆಳಗ್ಗೆಯೇ ಕಲಸಿಡಬೇಡಿ, ಸೆಕೆಗೆ ಬೇಗ ಶಕ್ತಿ ಕಳ್ಕೊಳ್ಳುತ್ತೆ.

ಮೊದಲ 24–48 ಗಂಟೆ 1 ಗ್ರಾಂ 8 ಗಂಟೆಗೊಮ್ಮೆಯೇ ಇರಲಿ. ಸೆಪ್ಸಿಸ್‌ನಲ್ಲಿ ಕೆಟ್ಟ ಕಿಡ್ನಿ ಎಷ್ಟೋ ಸಲ ಅಷ್ಟರೊಳಗೆ ಚೇತರಿಸಿಕೊಳ್ಳುತ್ತೆ, ಕ್ರಿಯಾಟಿನಿನ್ ಮಾತ್ರ ನಿಧಾನಕ್ಕೆ ಇಳಿಯುತ್ತೆ. ಇದೇ ಧೈರ್ಯ ಇನ್ನೊಂದು ಆ್ಯಂಟಿಬಯೋಟಿಕ್ ಸೆಫೆಪೈಮ್‌ಗೆ ಬೇಡ. ಅದು ಮೈಯಲ್ಲಿ ಉಳಿದ್ರೆ ಮಂಪರು, ಮಯೋಕ್ಲೋನಸ್ (ಸ್ನಾಯು ಎಗರೋದು), ಫಿಟ್ಸ್ ಬರಬಹುದು. ಆ್ಯಂಟಿಬಯೋಟಿಕ್ ಕೊಲಿಸ್ಟಿನ್ ಆದ್ರೂ ಲೋಡಿಂಗ್ (ಮೊದಲ ದೊಡ್ಡ ಡೋಸ್) 90 ಲಕ್ಷ ಯೂನಿಟ್ ಪೂರ್ತಿಯೇ, ಇಳಿಸೋದು ನಂತರದ ಡೋಸ್.

ಕ್ರಿಟಿಕಲ್‌ಕೇರ್_ಹುಬ್ಬಳ್ಳಿ
ಒಪ್ತೀನಿ, ಒಂದು ತಕರಾರಿನ ಜೊತೆ. 48 ಗಂಟೆಯ ಮಾತು ಈಗಷ್ಟೇ ಕೆಟ್ಟ ಕಿಡ್ನಿಗೆ. ಅಲ್ಟ್ರಾಸೌಂಡ್‌ನಲ್ಲಿ ಎರಡೂ ಕಿಡ್ನಿ ಸಣ್ಣದಾಗಿ ಕುಗ್ಗಿದ್ರೆ ಅದು ಹಳೇ ಕಾಯಿಲೆ; ಮೊದಲ ಡೋಸ್ ಪೂರ್ತಿ ಕೊಟ್ಟು ಎರಡನೆಯದರಿಂದ ಇಳಿಸಿ.

ಅದೇ ಅಲ್ಟ್ರಾಸೌಂಡ್‌ನಲ್ಲಿ ಹೈಡ್ರೋನೆಫ್ರೋಸಿಸ್ (ಮೂತ್ರ ಕಟ್ಟಿ ಕಿಡ್ನಿ ಊದಿರೋದು) ಇದೆಯಾ ನೋಡಿ. ಕಲ್ಲು ಅಡ್ಡ ಬಂದು ಮೇಲೆ ಕೀವು ಕಟ್ಟಿದ್ರೆ ಬರೀ ಆ್ಯಂಟಿಬಯೋಟಿಕ್‌ನಿಂದ ಕೆಲಸ ಆಗಲ್ಲ. ರಾತ್ರಿಯೇ ಯೂರಾಲಜಿಯವರನ್ನ ಕರೆಸಿ, ಸ್ಟೆಂಟ್ ಅಥವಾ ಪಿಸಿಎನ್ (ಬೆನ್ನಿನ ಕಡೆಯಿಂದ ಕಿಡ್ನಿಗೆ ಟ್ಯೂಬ್) ಆಗ್ಲೇಬೇಕು.

ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಹುಡುಕೋ ಪರೀಕ್ಷೆ): ಎರಡು ಬೇರೆ ಜಾಗದಿಂದ ಎರಡು ಸೆಟ್, ಬಾಟಲಿಗೆ 8–10 ಎಂಎಲ್ ರಕ್ತ. ಶಾಕ್ ಗುರುತಿಸಿದ 1 ಗಂಟೆಯೊಳಗೆ ಔಷಧ ಒಳಗೆ ಹೋಗಿರಬೇಕು, ವೇನ್ ಸಿಗದಿದ್ರೆ ಕಲ್ಚರ್‌ಗೆ ಅಂತ ಕಾಯ್ಬೇಡಿ. ರೋಗಿ ಫಿಟ್ಸ್‌ಗೆ ಕೊಡೋ ವಾಲ್‌ಪ್ರೊಯೇಟ್ ತಗೋತಿದ್ದಾರಾ ಕೇಳಿ. ಮೆರೊಪೆನೆಮ್ ರಕ್ತದಲ್ಲಿ ಅದರ ಮಟ್ಟವನ್ನ ತೀರಾ ಕುಸಿಸುತ್ತೆ.

ನೈಟ್‌ಡ್ಯೂಟಿ_ಪಿಜಿ
ವಾಲ್‌ಪ್ರೊಯೇಟ್ ಇಲ್ಲ. ಬಿಲಿರುಬಿನ್ 6 ಇದೆ, ನಾಳೆ ಡಯಾಲಿಸಿಸ್ ಬೇಕಾಗಬಹುದು.

ಐಸಿಯು_ಫಾರ್ಮಸಿ
ಲಿವರ್‌ಗೋಸ್ಕರ ಮೆರೊಪೆನೆಮ್ ಬದಲಿಸೋದೇನೂ ಇಲ್ಲ. ಡಯಾಲಿಸಿಸ್‌ನಲ್ಲಿ ಔಷಧ ತೊಳೆದು ಹೋಗುತ್ತೆ, ಹಾಗಾಗಿ ಆ ದಿನದ ಡೋಸ್ ಮೆಷಿನ್ ಬಿಡಿಸಿದ ಮೇಲೆ ಬೀಳೋ ಹಾಗೆ ಚಾರ್ಟ್‌ನಲ್ಲಿ ಸಮಯ ಸಮೇತ ಬರೆದು ಸಿಸ್ಟರ್‌ಗೆ ಬಾಯಲ್ಲೂ ಹೇಳಿ.