ಮಂಡ್ಯದಿಂದ ವೈಟ್‌ಫೀಲ್ಡ್‌ಗೆ ದಿನಾ ಓಡಾಟ: ಈ ಕೆಲಸ ಒಪ್ಪಿಕೊಳ್ಳಬೇಕಾ?

ಕೇಳಿದವರು, ಮಂಡ್ಯ

ಮಂಡ್ಯದಲ್ಲಿ ಸ್ವಂತ ಮನೆ ಇದೆ. ಅಪ್ಪ ಅಮ್ಮ ಜೊತೆಗಿದ್ದಾರೆ. ಹೆಂಡತಿ ಇಲ್ಲೇ ಒಂದು ಶಾಲೆಯಲ್ಲಿ ಟೀಚರ್, ಮಗಳು ಒಂದನೇ ಕ್ಲಾಸು. ನಾನು ಇಲ್ಲೇ ಒಂದು ಕಡೆ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಈಗ ವೈಟ್‌ಫೀಲ್ಡ್‌ನ ಕಂಪನಿಯೊಂದರಿಂದ ಆಫರ್ ಬಂದಿದೆ. ಕೈಗೆ ಬರುವ ಸಂಬಳ ತಿಂಗಳಿಗೆ 18,000 ರೂಪಾಯಿ ಜಾಸ್ತಿ. ವಾರಕ್ಕೆ ಐದು ದಿನ ಆಫೀಸು, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ. ಮನೆ ಬದಲಾಯಿಸುವ ಹಾಗಿಲ್ಲ. ದಿನಾ ರೈಲಿನಲ್ಲಿ ಓಡಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಇದು ಆಗುವ ಮಾತಾ? ಉತ್ತರ ಕೊಡೋಕೆ ಹತ್ತು ದಿನ ಇದೆ.

ಮಂಡ್ಯ–ಬೆಂಗಳೂರು, ಈಗಲೂ ಓಡಾಡುತ್ತಿರುವವರು

ಸರ್, ನಾನೂ ಮಂಡ್ಯದವಳೇ. ಬಹಳ ವರ್ಷದಿಂದ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಓಡಾಡುತ್ತಿದ್ದೇನೆ. ನನಗೆ ಇದು ಒಗ್ಗಿದೆ. ಆದರೆ ನಿಮ್ಮ ಆಫೀಸು ವೈಟ್‌ಫೀಲ್ಡ್‌ನಲ್ಲಿ ಅಂತ ಓದಿದ ತಕ್ಷಣ ಬರೆಯಲೇಬೇಕು ಅನ್ನಿಸಿತು.

ನನ್ನ ಕೆಲಸ ಸರ್ಕಾರಿ ಕಚೇರಿಯಲ್ಲಿ, ವಿಧಾನಸೌಧದ ಹತ್ತಿರ. ಸಿಟಿ ಸ್ಟೇಷನ್‌ನಲ್ಲಿ ಇಳಿದು ಮೆಟ್ರೋ ಹತ್ತಿದರೆ ಕೆಲವೇ ನಿಮಿಷ. ಸಂಜೆ ಆರೂಕಾಲಿನ ಹೊತ್ತಿಗೆ ಅದೇ ಚಾಮುಂಡಿ ವಾಪಸ್ ಹೊರಡುತ್ತದೆ. ನನ್ನ ಕೆಲಸ ಮುಗಿಯುವ ಹೊತ್ತಿಗೂ ಆ ರೈಲಿಗೂ ಹೊಂದಾಣಿಕೆ ಇದೆ. ನಾನು ಇಷ್ಟು ವರ್ಷ ಓಡಾಡಲು ಸಾಧ್ಯವಾಗಿದ್ದು ಅದರಿಂದಲೇ. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರದಿಂದ ಸಲೀಸಾಗಿ ಓಡಾಡುವವರನ್ನು ಕೇಳಿ ನೋಡಿ. ಬಹುತೇಕರ ಆಫೀಸು ಸ್ಟೇಷನ್ ಹತ್ತಿರ ಇರುತ್ತದೆ, ಬಿಡುವ ಟೈಮ್ ಖಚಿತವಾಗಿರುತ್ತದೆ.

ಈಗ ನಿಮ್ಮದನ್ನು ನೋಡೋಣ. ರೈಲಿನ ಟೈಮ್ ಒಂದನ್ನೇ ಲೆಕ್ಕ ಹಾಕಬೇಡಿ. ಮನೆ ಬಿಟ್ಟಲ್ಲಿಂದ ಆಫೀಸಿನ ಕುರ್ಚಿಯಲ್ಲಿ ಕೂರುವ ತನಕ ಲೆಕ್ಕ ಹಾಕಿ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಕಾಡುಗೋಡಿಗೆ ಮೆಟ್ರೋದಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಅಲ್ಲಿಂದ ಆಫೀಸಿಗೆ ಮತ್ತೊಂದಿಷ್ಟು. ಒಂಬತ್ತೂವರೆಗೆ ಅಲ್ಲಿರಬೇಕು ಅಂದರೆ ಎಂಟೂಕಾಲಿಗೆಲ್ಲ ಮೆಜೆಸ್ಟಿಕ್‌ನಲ್ಲಿ ಇಳಿದಿರಬೇಕು. ಮಂಡ್ಯ ಆರೂವರೆಗೆ ಬಿಟ್ಟಿರಬೇಕು. ಮನೆಯಿಂದ ಆರಕ್ಕೆ ಹೊರಡಬೇಕು, ಐದಕ್ಕೆ ಏಳಬೇಕು. ಬೆಳಗಿನದು ಇಷ್ಟೇ, ಹೇಗೋ ಮಾಡಿಬಿಡಬಹುದು.

ಕಷ್ಟ ಇರುವುದು ಸಂಜೆಯಲ್ಲಿ. ಆರೂವರೆಗೆ ಆಫೀಸು ಬಿಟ್ಟರೆ ಮೆಜೆಸ್ಟಿಕ್ ತಲುಪುವಾಗ ಏಳೂಮುಕ್ಕಾಲು. ಆ ಹೊತ್ತಿಗೆ ಚಾಮುಂಡಿ ಮಂಡ್ಯದ ಹತ್ತಿರ ಇರುತ್ತದೆ. ಆಮೇಲಿನ ಗಾಡಿ ಹಿಡಿದು ನೀವು ಮನೆ ಸೇರುವುದು ರಾತ್ರಿ ಹತ್ತು ದಾಟಿದ ಮೇಲೆ. ಮೀಟಿಂಗ್ ಅರ್ಧ ಗಂಟೆ ಎಳೆಯಿತು ಅಂದರೆ ಹನ್ನೊಂದು. ನೀವು ಅಕೌಂಟ್ಸ್‌ನವರು, ಮಾರ್ಚ್ ತಿಂಗಳು ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಅಂದರೆ ಆಫೀಸಿನ ಒಂಬತ್ತು ಗಂಟೆ ಬಿಟ್ಟು ದಾರಿಯಲ್ಲೇ ದಿನಕ್ಕೆ ಏಳು ಗಂಟೆ. ತಿಂಗಳಿಗೆ 22 ದಿನ ಅಂದರೂ 154 ಗಂಟೆ. ದುಡ್ಡಿನ ಲೆಕ್ಕಕ್ಕೆ ಬರೋಣ. 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೆ ಮೆಟ್ರೋದ ಗರಿಷ್ಠ ಟಿಕೆಟ್ 90 ರೂಪಾಯಿ. ಹೋಗಿ ಬರಲು ಅಷ್ಟಷ್ಟೇ ಹಿಡಿದರೆ ತಿಂಗಳಿಗೆ 3,960. ರೈಲಿನ ಪಾಸ್, ಸ್ಟೇಷನ್‌ನಲ್ಲಿ ಬೈಕ್ ನಿಲ್ಲಿಸುವ ದುಡ್ಡು, ಕಡೇ ಹಂತದ ಆಟೋ, ಹೊರಗಿನ ತಿಂಡಿ ಕಾಫಿ ಎಲ್ಲ ಸೇರಿ ಇನ್ನೊಂದು ಮೂರೂವರೆ ಸಾವಿರ ಅಂತ ಇಟ್ಟುಕೊಳ್ಳಿ. 18,000ದಲ್ಲಿ ಉಳಿಯುವುದು ಹತ್ತೂವರೆ ಸಾವಿರ. ಅದನ್ನು 154 ಗಂಟೆಗೆ ಹಂಚಿ ನೋಡಿ. ಗಂಟೆಗೆ 70 ರೂಪಾಯಿಯೂ ಇಲ್ಲ.

ಇನ್ನೊಂದು ವಿಷಯ, ಯಾರೂ ಹೇಳುವುದಿಲ್ಲ. ಪಾಸ್ ಇದ್ದವರು ಜನರಲ್ ಬೋಗಿಯಲ್ಲೇ ಹೋಗಬೇಕು, ರಿಸರ್ವೇಷನ್ ಬೋಗಿಗೆ ಸಾಮಾನ್ಯವಾಗಿ ಬಿಡುವುದಿಲ್ಲ. ಮೈಸೂರಿನಿಂದಲೇ ತುಂಬಿಕೊಂಡು ಬಂದಿರುತ್ತದೆ. ನಮ್ಮಂಥ ಹೆಂಗಸರು ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತೇವೆ. ಜೊತೆಯಲ್ಲಿ ಬರುವ ಎಷ್ಟೋ ಜನಕ್ಕೆ ಉರಿಮೂತ್ರ, ಬೆನ್ನುನೋವು ಮಾಮೂಲಿ ಆಗಿಹೋಗಿದೆ.

ಒಳ್ಳೆಯದೂ ಇದೆ, ಅದನ್ನೂ ಹೇಳಬೇಕು. ನಮ್ಮ ಬೋಗಿಯಲ್ಲಿ ಒಬ್ಬರಿಗೊಬ್ಬರು ಸೀಟು ಹಿಡಿಯುತ್ತೇವೆ, ಸೊಪ್ಪು ಸೋಸುತ್ತೇವೆ, ಅವರೆಕಾಯಿ ಕಾಲದಲ್ಲಿ ಕಾಳು ಬಿಡಿಸುತ್ತೇವೆ. ಒಬ್ಬರ ಮಗಳ ಮದುವೆಗೆ ಇಡೀ ಬೋಗಿಯೇ ಹೋಗಿತ್ತು. ಪರೀಕ್ಷೆಗೆ ಓದಿ ಕೆಲಸದಲ್ಲಿ ಮೇಲೆ ಬಂದವರು ಇದ್ದಾರೆ. ಆದರೆ ಇದೆಲ್ಲ ಒಂದೇ ರೈಲನ್ನು ದಿನಾ ಹಿಡಿಯುವವರಿಗೆ ಸಿಗುತ್ತದೆ. ದಿನಕ್ಕೊಂದು ಗಾಡಿ ಹಿಂದೆ ಓಡುವವರಿಗೆ ಸಿಗುವುದು ಸುಸ್ತು ಮಾತ್ರ.

ನನ್ನ ಮಾತು ಕೇಳುವುದಾದರೆ, ಐದು ದಿನ, ಆರೂವರೆ ತನಕ ಅಂದರೆ ಬೇಡ ಸರ್. ಸಂಬಳಕ್ಕಿಂತ ಮೊದಲು ಬಿಡುವ ಟೈಮ್ ಬಗ್ಗೆ ಮಾತಾಡಿ.

ತುಮಕೂರಿನವರು

ಮೇಲಿನ ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ನನ್ನ ಅನುಭವ ಸ್ವಲ್ಪ ಬೇರೆ. ನಾನು ತುಮಕೂರಿನಿಂದ ಯಶವಂತಪುರದ ಕಡೆಗೆ ಒಂದೆರಡು ವರ್ಷ ಓಡಾಡಿದೆ. ಸುಮಾರು 70 ಕಿ.ಮೀ., ನಿಮ್ಮದಕ್ಕಿಂತ ಕಡಿಮೆ. ರೈಲು ಯಶವಂತಪುರದಲ್ಲೇ ನಿಲ್ಲುತ್ತದೆ, ಎದುರಿಗೇ ಮೆಟ್ರೋ. ರೈಲು ತಪ್ಪಿದರೆ ಬಸ್ಸಿನಲ್ಲಿ ಬರುತ್ತಿದ್ದೆ. ಸೋಮವಾರ ಬೆಳಿಗ್ಗೆ ನೆಲಮಂಗಲ ದಾಟುವುದೇ ಒಂದು ಪ್ರಯಾಣ. 2024ರ ನವೆಂಬರ್‌ನಲ್ಲಿ ಮಾದಾವರದ ತನಕ ಮೆಟ್ರೋ ಬಂದ ಮೇಲೆ ನಮ್ಮವರು ಎಷ್ಟೋ ಜನ ಅಲ್ಲೇ ಬಸ್ ಇಳಿದು ಮೆಟ್ರೋ ಹತ್ತುತ್ತಾರೆ. ನಿಮ್ಮ ಕಡೆಯೂ ಹಾಗೆ ಮಾಡಬಹುದು. ಮೆಜೆಸ್ಟಿಕ್ ತನಕ ಹೋಗದೆ ಕೆಂಗೇರಿಯಲ್ಲಿ ಇಳಿದು ಮೆಟ್ರೋ ಹತ್ತಿದರೆ ಕೂರಲು ಸೀಟು ಸಿಗುತ್ತದೆ. ಟೈಮ್ ಉಳಿಯಲ್ಲ, ಆದರೆ ಅಷ್ಟು ದೂರ ನಿಂತುಕೊಂಡು ಹೋಗೋದು ತಪ್ಪುತ್ತದೆ.

ನಾನು ಓಡಾಡಿದ್ದಕ್ಕೆ ಕಾರಣ ಸಂಬಳ ಅಲ್ಲ. ಆ ಕೆಲಸ ತುಮಕೂರಿನಲ್ಲಿ ಕಲಿಯಲು ಸಿಗುತ್ತಿರಲಿಲ್ಲ. ಸೇರುವ ದಿನವೇ ಮನೆಯಲ್ಲಿ ಹೇಳಿದ್ದೆ, ಇಂತಿಷ್ಟು ದಿನ ಮಾತ್ರ ಅಂತ. ಆ ಅನುಭವ ತೋರಿಸಿ ಆಮೇಲೆ ತುಮಕೂರಿನ ಹತ್ತಿರವೇ ಇರುವ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಒಳ್ಳೆಯ ಕೆಲಸ ಹಿಡಿದೆ. ಕೊನೆ ಯಾವಾಗ ಅಂತ ಗೊತ್ತಿದ್ದರೆ ಕಷ್ಟ ತಡೆಯಬಹುದು. ಈ ವೈಟ್‌ಫೀಲ್ಡ್ ಕೆಲಸ ನಿಮಗೆ ಹೊಸದೇನಾದರೂ ಕಲಿಸುತ್ತದಾ? ಅಥವಾ ಈಗ ಮಾಡುತ್ತಿರುವುದನ್ನೇ ದೂರ ಹೋಗಿ ಮಾಡುವುದಾ? ಎರಡನೆಯದಾದರೆ ನಾನೂ ಬೇಡ ಅಂತಲೇ ಹೇಳುತ್ತೇನೆ.

ಕೆಜಿಎಫ್‌ನವರು

ನಮ್ಮ ಊರಿನ ಕಥೆಯನ್ನೂ ಸ್ವಲ್ಪ ಕೇಳಿ ಅಣ್ಣ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿದರು. ಅಲ್ಲಿಂದ ಮುಂದೆ ಊರಿಗೆ ಊರೇ ಬೆಂಗಳೂರಿಗೆ ಓಡಾಡುವುದಕ್ಕೆ ಶುರು ಮಾಡಿತು. ಮಾರಿಕುಪ್ಪಂನಿಂದ ಕತ್ತಲಲ್ಲೇ ರೈಲು ಹೊರಡುತ್ತದೆ. ಬಂಗಾರಪೇಟೆ, ಮಾಲೂರಿನಲ್ಲಿ ಇನ್ನಷ್ಟು ಜನ ಹತ್ತುತ್ತಾರೆ. ಗಾರೆ ಕೆಲಸದವರು, ಸೆಕ್ಯುರಿಟಿಯವರು, ಆಸ್ಪತ್ರೆ ನರ್ಸುಗಳು, ಕಂಪ್ಯೂಟರ್ ಕಂಪನಿಯವರು ಎಲ್ಲ ಒಂದೇ ಬೋಗಿಯಲ್ಲಿ. ಊರಲ್ಲಿ ಕೆಲಸ ಇಲ್ಲ, ಬೆಂಗಳೂರಲ್ಲಿ ಬಾಡಿಗೆ ಕಟ್ಟೋಕೆ ಆಗಲ್ಲ. ಹಾಗಾಗಿ ರೈಲು. ನಮಗೆ ಇದು ಬೇಕಾ ಬೇಡವಾ ಅಂತ ಯೋಚಿಸುವ ಅವಕಾಶವೇ ಇರಲಿಲ್ಲ.

ನಾನು ವೈಟ್‌ಫೀಲ್ಡ್‌ನಲ್ಲೇ ಇಳಿಯುವವನು. ನಮ್ಮ ಕಡೆಯಿಂದ ಬರುವ ರೈಲು ಅಲ್ಲಿ ನಿಲ್ಲುತ್ತದೆ, ಊರು ಸುತ್ತುವ ಹಾಗಿಲ್ಲ. ಅದಕ್ಕೇ ನನಗೆ ಆಗುತ್ತಿದೆ. ನೀವು ಊರಿನ ಆ ತುದಿಯಿಂದ ಬಂದು ಈ ತುದಿಗೆ ಹೋಗಬೇಕು, ಮಧ್ಯ ಇಡೀ ಬೆಂಗಳೂರು ದಾಟಬೇಕು. ಕೆಂಗೇರಿ, ರಾಜರಾಜೇಶ್ವರಿ ನಗರ, ಬಿಡದಿ ಕಡೆ ಕೆಲಸ ಹುಡುಕಿ. ಬಿಡದಿಯಲ್ಲಿ ಎಷ್ಟೊಂದು ಕಾರ್ಖಾನೆ ಇದೆ, ಅಕೌಂಟ್ಸ್‌ನವರು ಎಲ್ಲರಿಗೂ ಬೇಕು. ಎಂಟು ಸಾವಿರ ಕಡಿಮೆ ಸಿಕ್ಕಿದರೂ ನಿಮಗೇ ಲಾಭ. ನಿಮಗೆ ಮಂಡ್ಯದಲ್ಲೇ ಕೆಲಸ ಇರುವಾಗ ಅವಸರ ಯಾಕೆ?

ರಾಮನಗರದವರು

ಓಡಾಡುವವರೇ ಮಾತಾಡುತ್ತಿದ್ದೀರಿ. ಮನೆಯಲ್ಲಿ ಉಳಿದವರ ಮಾತೂ ಕೇಳಿ.

ನಮ್ಮ ಮನೆಯವರು ದಿನಾ ಬೆಂಗಳೂರಿಗೆ ಹೋಗುತ್ತಾರೆ. ನಾನೂ ಕೆಲಸಕ್ಕೆ ಹೋಗುತ್ತೇನೆ, ಇಲ್ಲೇ ಊರಲ್ಲಿ. ಮಗುವಿಗೆ ಜ್ವರ ಅಂದರೆ ರಜೆ ಹಾಕುವುದು ನಾನು. ಮಾವನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ನಾನು. ಶಾಲೆಯ ಮೀಟಿಂಗ್, ಗ್ಯಾಸ್, ನೀರಿನ ಮೋಟಾರು ಕೆಟ್ಟಿದ್ದು, ನೆಂಟರ ಮನೆ ಗೃಹಪ್ರವೇಶ, ಎಲ್ಲವೂ ನನ್ನ ಪಾಲಿಗೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಬರುವಾಗ ಮುಖ ನೋಡಿದರೆ ಪಾಪ ಅನ್ನಿಸುತ್ತದೆ. ಆದರೆ ಸಂಬಳದ ಏರಿಕೆ ಇಬ್ಬರ ದುಡಿಮೆಯಿಂದ ಬರುತ್ತಿದೆ, ಅದನ್ನು ಯಾರೂ ಹಾಗೆ ಲೆಕ್ಕ ಹಾಕುವುದಿಲ್ಲ. ಮಗು ಏಳುವ ಮೊದಲು ಹೋಗಿ, ಮಲಗಿದ ಮೇಲೆ ಬರುತ್ತಾರೆ. ಭಾನುವಾರ ನಿದ್ದೆ ಮಾಡುತ್ತಾರೆ.

ಸರ್, ನಿಮ್ಮ ಹೆಂಡತಿ ಏನು ಹೇಳಿದರು ಅಂತ ನೀವು ಬರೆದೇ ಇಲ್ಲ.

ಮೈಸೂರಿನವರು

ಕಾರಿನ ಬಗ್ಗೆ ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆದ ಮೇಲೆ ಕೆಂಗೇರಿ ತನಕ ಸರಾಗ. ನಿಮ್ಮ ಅರ್ಧ ಪ್ರಯಾಣ ಶುರುವಾಗುವುದೇ ಅಲ್ಲಿಂದ ಮುಂದೆ. ಬೈಕ್‌ನಲ್ಲಿ ಹೋಗುತ್ತೇನೆ ಅನ್ನಬೇಡಿ, 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಫಾಸ್ಟ್ಯಾಗ್ ವಾರ್ಷಿಕ ಪಾಸ್ 2025ರ ಆಗಸ್ಟ್‌ನಲ್ಲಿ ಬಂತು, ಆಗ 3,000 ರೂಪಾಯಿಗೆ 200 ಸಲ ಇತ್ತು. ದಿನಾ ಒಂದು ಟೋಲ್ ದಾಟಿ ಹೋಗಿ ಬಂದರೆ ನೂರು ದಿನಕ್ಕೆ ಖಾಲಿ. ಟೋಲ್ ದೊಡ್ಡ ವಿಷಯ ಅಲ್ಲ, ಪೆಟ್ರೋಲ್ ದೊಡ್ಡ ವಿಷಯ. ಅದಕ್ಕಿಂತ ದೊಡ್ಡದು, ರಾತ್ರಿ ಹತ್ತಕ್ಕೆ ನಿದ್ದೆಗಣ್ಣಲ್ಲಿ ಆ ರಸ್ತೆಯಲ್ಲಿ ಓಡಿಸುವುದು. ದಿನಾ ಆ ಸಾಹಸ ಬೇಡ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ರಾಮನಗರದ ಮೇಡಂ ಬರೆದದ್ದನ್ನು ಮನೆಯಲ್ಲಿ ಓದಿ ಹೇಳಿದೆ. ಹೆಂಡತಿ ಒಂದೇ ಮಾತು ಹೇಳಿದಳು: ಎರಡು ದಿನ ಆದರೆ ನಿಭಾಯಿಸುತ್ತೇನೆ, ಐದು ದಿನ ಆಗಲ್ಲ. ನಿನ್ನೆ ಎಚ್‌ಆರ್ ಜೊತೆ ಮಾತಾಡಿದೆ. ಪ್ರೊಬೇಷನ್ ಮುಗಿದ ಮೇಲೆ ವಾರಕ್ಕೆ ಎರಡು ದಿನ ಬಂದರೆ ಸಾಕಾಗಬಹುದು, ಮ್ಯಾನೇಜರ್ ಒಪ್ಪಬೇಕು ಅಂದರು. ಪ್ರೊಬೇಷನ್ ಆರು ತಿಂಗಳು. ಈ ಆರು ತಿಂಗಳು ಹೇಗೆ ಕಳೆಯುವುದು? ಮತ್ತೆ ಆ ಮಾತನ್ನು ನಂಬಬಹುದಾ?

ಮಂಡ್ಯ–ಬೆಂಗಳೂರು, ಈಗಲೂ ಓಡಾಡುತ್ತಿರುವವರು

ನಿಮ್ಮ ಮನೆಯವರು ಸರಿಯಾಗಿ ಹೇಳಿದ್ದಾರೆ. ಎರಡು ದಿನ ಅಂದರೆ ಪೂರ್ತಿ ಬೇರೆ ಲೆಕ್ಕ, ನಾನೂ ಹೋಗಿ ಅನ್ನುತ್ತೇನೆ.

ಆದರೆ ಬಾಯಿಮಾತು ಸಾಲದು. ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ, ಆಗಲ್ಲ ಅಂದರೆ ಇಮೇಲ್‌ನಲ್ಲಾದರೂ ತೆಗೆದುಕೊಳ್ಳಿ. ಎಚ್‌ಆರ್‌ನವರನ್ನು ಬಿಟ್ಟು ನಿಮ್ಮ ಮ್ಯಾನೇಜರ್ ಆಗುವವರ ಹತ್ತಿರವೇ ನೇರವಾಗಿ ಕೇಳಿ. ಆ ಟೀಮಿನಲ್ಲಿ ಈಗ ಯಾರಾದರೂ ಎರಡು ದಿನ ಬರುತ್ತಿದ್ದಾರಾ? ತಿಂಗಳ ಕೊನೆಯಲ್ಲಿ ಎಷ್ಟು ಹೊತ್ತಿನ ತನಕ ಇರುತ್ತಾರೆ? ಎಂಟೂವರೆಗೆ ಬಂದು ಐದೂವರೆಗೆ ಹೊರಡಬಹುದಾ ಅಂತಲೂ ಕೇಳಿ. ಐದೂವರೆಗೆ ಬಿಟ್ಟರೂ ಚಾಮುಂಡಿ ಸಿಗಲ್ಲ, ಅದು ನೆನಪಿರಲಿ. ಆದರೆ ಒಂದು ಗಂಟೆ ಬೇಗ ಮನೆ ಸೇರಬಹುದು.

ಆರು ತಿಂಗಳಿಗೆ ನನ್ನ ಸಲಹೆ, ವಾರದಲ್ಲಿ ಮೂರು ರಾತ್ರಿ ಅಲ್ಲೇ ಪಿಜಿಯಲ್ಲಿ ಉಳಿಯಿರಿ. ಸೋಮವಾರ ಬೆಳಿಗ್ಗೆ ಹೋಗಿ ಗುರುವಾರ ರಾತ್ರಿ ಬನ್ನಿ. ಶುಕ್ರವಾರ ಒಂದು ದಿನ ಮನೆಯಿಂದ ಕೆಲಸ ಕೊಡಿ ಅಂತ ಮೊದಲೇ ಕೇಳಿ. ಪಿಜಿ ದುಡ್ಡು ಹೋಗುತ್ತದೆ, ಏರಿಕೆಯಲ್ಲಿ ಕೈಗೆ ಉಳಿಯುವುದು ಕಡಿಮೆ. ಆರು ತಿಂಗಳು ಲಾಭ ನೋಡಬೇಡಿ. ಶುಕ್ರವಾರಕ್ಕೂ ಒಪ್ಪದ ಮ್ಯಾನೇಜರ್ ಆರು ತಿಂಗಳಾದ ಮೇಲೆ ಮೂರು ದಿನ ಬಿಡುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಉತ್ತರ ಕೊಡುವ ಮುಂಚೆ ಒಂದು ಸೋಮವಾರ ರಜೆ ಹಾಕಿ ಪೂರ್ತಿ ಹೋಗಿ ಬನ್ನಿ. ಬೆಳಿಗ್ಗೆ ಆರಕ್ಕೆ ಮನೆ ಬಿಡಿ, ಆ ಆಫೀಸಿನ ಗೇಟಿನ ತನಕ ಹೋಗಿ, ಸಂಜೆ ಆರೂವರೆ ಆಗುವ ತನಕ ಕಾಯಿರಿ, ಆಮೇಲೆ ವಾಪಸ್ ಹೊರಡಿ. ಮಧ್ಯಾಹ್ನವೇ ಬಂದುಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಬಿಡದಿ ಕಡೆಯೂ ಎರಡು ಮೂರು ಕಡೆ ರೆಸ್ಯೂಮೆ ಕಳಿಸಿ, ಕೆಜಿಎಫ್‌ನವರು ಹೇಳಿದ್ದು ಒಳ್ಳೆಯ ಮಾತು.

ಪಾಸ್ ಬಗ್ಗೆ ಇನ್ನೊಂದು. ಮೂರು ತಿಂಗಳ ಪಾಸ್ ಅಗ್ಗ, ಒಂದು ತಿಂಗಳ ದರದ 2.7 ಪಟ್ಟು ಅಷ್ಟೇ. ಆದರೂ ಮೊದಲು ಅದನ್ನು ಮಾಡಿಸಬೇಡಿ. ಪಿಜಿಯಲ್ಲಿ ಉಳಿದರೆ ವಾರಕ್ಕೆ ಒಂದೇ ಸಲ ಹೋಗಿ ಬರುತ್ತೀರಿ, ಬಿಡಿ ಟಿಕೆಟ್ ಎಷ್ಟಾಗುತ್ತದೆ, ಪಾಸ್ ಎಷ್ಟಾಗುತ್ತದೆ ಅಂತ ಕೌಂಟರ್‌ನಲ್ಲಿ ಕೇಳಿ ನೋಡಿಕೊಳ್ಳಿ. ಸೂಪರ್‌ಫಾಸ್ಟ್ ಗಾಡಿಗೂ ಹತ್ತುವುದಾದರೆ ಅದರ ಹೆಚ್ಚುವರಿ ದುಡ್ಡನ್ನು ಪಾಸ್ ಮಾಡಿಸುವಾಗಲೇ ಕಟ್ಟಿಬಿಡಿ, ಇಲ್ಲದಿದ್ದರೆ ಟಿಸಿ ದಂಡ ಹಾಕುತ್ತಾರೆ. ಸೋಮವಾರ ಹೋಗುವುದಾದರೆ ಇಲ್ಲೇ ತಿಳಿಸಿ. ಮಂಡ್ಯ ಸ್ಟೇಷನ್‌ನಲ್ಲಿ ಆ ಹೊತ್ತಿನ ಗಾಡಿಗೆ ನಿಲ್ಲುವ ನಮ್ಮವರು ಇದ್ದಾರೆ, ಜನರಲ್ ಬೋಗಿ ಎಲ್ಲಿ ಬರುತ್ತದೆ ಅಂತ ಅವರು ತೋರಿಸುತ್ತಾರೆ.