ಪದಚರ್ಚೆ: ‘ಸರ್ಫ್’, ‘ಸ್ವೆಲ್’, ‘ರಿಪ್ ಕರೆಂಟ್’ – ಓಷನ್ ಬೀಚಿನ ಎಚ್ಚರಿಕೆಗೆ ಕನ್ನಡ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಕ್ಕಳ ಮನೆಗೆಂದು ಊರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಬರುವ ಅಪ್ಪ-ಅಮ್ಮಂದಿರಿಗಾಗಿ ಎರಡು ಪುಟದ ಕೈಪಿಡಿ ಸಿದ್ಧವಾಗುತ್ತಿದೆ. ಓಷನ್ ಬೀಚಿನ ಭಾಗದ ಕರಡು ಹೀಗಿದೆ:

“ಶಾಂತ ಸಾಗರದ ಈ ಸುಂದರ ಕಡಲತೀರಕ್ಕೆ ಬೇಸಿಗೆಯಲ್ಲಿ ಭೇಟಿ ನೀಡುವುದು ಸೂಕ್ತ. ನೀರಿನಲ್ಲಿ ಸುಳಿಗಳಿರುವುದರಿಂದ ಎಚ್ಚರವಿರಲಿ. ಪ್ರವಾಹ ಇದ್ದಾಗ ನೀರಿಗಿಳಿಯಬಾರದು. ರಾತ್ರಿ 8.35ಕ್ಕೆ ಸೂರ್ಯಾಸ್ತವನ್ನು ಸವಿಯಬಹುದು.”

‘ರಿಪ್ ಕರೆಂಟ್’ ಎಂಬುದಕ್ಕೆ ‘ಸುಳಿ’, ‘ಪ್ರವಾಹ’ ಎರಡನ್ನೂ ಹಾಕಿ ನೋಡಿದೆವು, ಯಾವುದೂ ಕೂರುತ್ತಿಲ್ಲ. ‘ಸರ್ಫ್’, ‘ಸ್ವೆಲ್’ ಎರಡಕ್ಕೂ ‘ಅಲೆ’ ಅಂದುಬಿಟ್ಟರೆ ಸಾಕೇ? ‘ಸ್ನೀಕರ್ ವೇವ್’ ಅನ್ನುವುದಕ್ಕೆ ಕನ್ನಡದಲ್ಲಿ ಏನಾದರೂ ಇದೆಯೇ? ಇನ್ನು ‘ರಾತ್ರಿ ಸೂರ್ಯಾಸ್ತ’ ಎಂದು ಓದಿದವರೆಲ್ಲ ನಗುತ್ತಿದ್ದಾರೆ.

ಉತ್ತರ

ಕರಡಿನಲ್ಲಿರುವುದು ನಾಲ್ಕು ಸಾಲು, ನಾಲ್ಕೂ ತಿದ್ದಬೇಕಾದವೇ. ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ಓದಿದವರು ಅಲ್ಲಿ ಮಾಡಬಾರದ್ದನ್ನು ಮಾಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ‘ಸುಳಿ’ಯನ್ನೇ ಮೊದಲು ನೋಡೋಣ. ಸುಳಿ ಎಂದರೆ ನೀರು ತಿರುಗಿ ತಿರುಗಿ ಕೆಳಕ್ಕೆಳೆಯುವ ಜಾಗ. ಹೊಳೆಯ ಮಡುವಿನಲ್ಲಿ, ಸೇತುವೆಯ ಕಂಬದ ಬುಡದಲ್ಲಿ ಇರುವಂಥದ್ದು. ರಿಪ್ ಕರೆಂಟ್ ಯಾರನ್ನೂ ಕೆಳಗೆ ಎಳೆಯುವುದಿಲ್ಲ, ದಡದಿಂದ ಹೊರಕ್ಕೆ ಒಯ್ಯುತ್ತದೆ. ಅಲೆಗಳು ಸಾಲುಗಟ್ಟಿ ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕು. ನೀರೊಳಗಿನ ಮರಳು ದಿಬ್ಬಗಳ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿ ಸೇರಿ ಕಾಲುವೆಯಂತೆ ಕಡಲ ಕಡೆ ನುಗ್ಗುತ್ತದೆ. ಜೋರಾದಾಗ ಇದರ ವೇಗ ಸೆಕೆಂಡಿಗೆ 2 ಮೀಟರ್ ದಾಟುವುದುಂಟು, ಒಲಿಂಪಿಕ್ ಈಜುಗಾರನೂ ಎದುರು ಈಜಿ ಗೆಲ್ಲಲಾರ. ‘ಸುಳಿ’ ಎಂದು ಓದಿಕೊಂಡವನು ಮುಳುಗುತ್ತೇನೆಂದು ಗಾಬರಿಬಿದ್ದು ದಡದ ಕಡೆಗೇ ಕೈಕಾಲು ಬಡಿಯುತ್ತಾನೆ. ಹೆಚ್ಚಿನವರು ಸೋಲುವುದು ಹೀಗೆ ಸುಸ್ತಾಗಿ.

‘ಪ್ರವಾಹ’ವೂ ಬೇಡ. ಭೂಗೋಳದ ಪಠ್ಯದಲ್ಲಿ ‘ಸಾಗರ ಪ್ರವಾಹ’ ಇದೆ, ಒಪ್ಪಿದೆ. ಆದರೆ ದಿನವೂ ಪತ್ರಿಕೆ ಓದುವವರಿಗೆ ಪ್ರವಾಹ ಅಂದರೆ ಊರಿಗೆ ನೀರು ನುಗ್ಗುವುದು. “ಪ್ರವಾಹ ಇದ್ದಾಗ ಇಳಿಯಬೇಡಿ” ಎಂದರೆ ಬಿಸಿಲು ಬಿದ್ದ ದಿನ ನಿಶ್ಚಿಂತೆಯಿಂದ ಇಳಿಯುತ್ತಾರೆ.

ನನ್ನ ಆಯ್ಕೆ ‘ಸೆಳೆತ’, ಬೇಕಿದ್ದರೆ ‘ಹೊರಸೆಳೆತ’. ಸೆಳೆತ ಎಲ್ಲರಿಗೂ ಗೊತ್ತಿರುವ ಮಾತು. ‘ಹೊರ’ ಸೇರಿದರೆ ಎತ್ತ ಎಳೆಯುತ್ತದೆ ಎಂಬುದೂ ತಿಳಿಯಿತು. ಪಾರಾಗುವ ದಾರಿಯನ್ನೂ ಅದೇ ಮಾತು ಹೇಳಿಕೊಡುತ್ತದೆ: ಎದುರು ಈಜಬೇಡಿ, ತೇಲಿಕೊಂಡು ಕೈ ಎತ್ತಿ, ಸಾಧ್ಯವಾದರೆ ದಡಕ್ಕೆ ಸಮಾಂತರವಾಗಿ ಎಡಕ್ಕೋ ಬಲಕ್ಕೋ ಸರಿಯಿರಿ; ಸೆಳೆತದ ಪಟ್ಟಿ ದಾಟಿದ ಮೇಲೆ ಓರೆಯಾಗಿ ದಡಕ್ಕೆ ಬನ್ನಿ. ಗುರುತು ಹಿಡಿಯುವುದನ್ನೂ ಸೇರಿಸಿ. ಎರಡೂ ಬದಿಯಲ್ಲಿ ಅಲೆ ಒಡೆದು ಬೆಳ್ಳಗೆ ಕಾಣುವಾಗ ನಡುವೆ ಒಡೆಯದ, ಕಪ್ಪಾದ, ನುಣುಪಾಗಿ ಕಾಣುವ ಪಟ್ಟಿ. ಅದರಲ್ಲಿ ನೊರೆ, ಕದಡಿದ ಮರಳು ಹೊರಕ್ಕೆ ಹೋಗುತ್ತಿರುತ್ತದೆ. ತಿಳಿಯದವರಿಗೆ ಅದೇ ಇಳಿಯಲು ಒಳ್ಳೆಯ ಜಾಗದಂತೆ ಕಾಣುವುದೇ ತೊಂದರೆ. ಓಷನ್ ಬೀಚಿನ ದಿಬ್ಬಗಳು ಜಾಗ ಬದಲಿಸುತ್ತಲೇ ಇರುವುದರಿಂದ ನಿನ್ನೆ ಇಲ್ಲದ ಕಡೆ ಇವತ್ತು ಸೆಳೆತ ಇರಬಹುದು.

ಹಾಗೆ ನೋಡಿದರೆ ಹಿರಿಯರಿಗೆ ಬರೆಯುವ ಕೈಪಿಡಿಯಲ್ಲಿ ಈಜಿನ ಮಾತಿಗಿಂತ ಮೊದಲು “ನೀರಿಗೆ ಇಳಿಯಬೇಡಿ, ಮೊಣಕಾಲಿನವರೆಗೂ ಬೇಡ” ಎಂದಿರಬೇಕು. ಆ ನೀರು ವರ್ಷವಿಡೀ ಸುಮಾರು 10ರಿಂದ 15 ಡಿಗ್ರಿ ಸೆಲ್ಸಿಯಸ್. ಮಲ್ಪೆಯಲ್ಲೋ ಕಾರವಾರದಲ್ಲೋ 28ರ ಆಸುಪಾಸಿನ ನೀರಿನಲ್ಲಿ ಆಡಿದವರಿಗೆ ಅಂದಾಜೇ ಸಿಗದು. ಅಷ್ಟು ತಣ್ಣಗಿನ ನೀರಿಗೆ ಬಿದ್ದೊಡನೆ ಉಸಿರು ಕಟ್ಟಿ ತಾನಾಗಿ ಏದುಸಿರು ಬರುತ್ತದೆ, ಆಗ ಬಾಯಿಗೆ ನೀರು ಹೋಗುತ್ತದೆ. ಆ ಒಂದು ನಿಮಿಷ ದಾಟಿದರೂ ಹತ್ತು ನಿಮಿಷದೊಳಗೆ ಕೈಬೆರಳು ಮಾತು ಕೇಳುವುದಿಲ್ಲ. ಹಾಗಾಗಿ ‘ತಂಪಾದ ನೀರು’ ಎಂದು ಬರೆಯಬೇಡಿ. ತಂಪು ನಮ್ಮಲ್ಲಿ ಹಿತದ ಮಾತು, ಎಳನೀರಿಗೆ ಹೇಳುವಂಥದ್ದು. ‘ಕೊರೆಯುವ ನೀರು’ ಎನ್ನಿ.

ಈಗ ‘ಸರ್ಫ್’ ಮತ್ತು ‘ಸ್ವೆಲ್’. ಎರಡಕ್ಕೂ ‘ಅಲೆ’ ಸಾಲದು. ದೂರದ ಕಡಲಲ್ಲಿ ಎದ್ದ ಬಿರುಗಾಳಿಯಿಂದ ಹುಟ್ಟಿ, ಆ ಗಾಳಿಯನ್ನು ಹಿಂದೆ ಬಿಟ್ಟು, ದುಂಡಗೆ ನೀಟಾಗಿ ಸಾಗಿ ಬರುವುದು ಸ್ವೆಲ್. ಅದೇ ಅಲೆ ದಡದ ಹತ್ತಿರ ಆಳ ಕಡಿಮೆಯಾದಲ್ಲಿ ಎದ್ದು ನಿಂತು, ಮಗುಚಿ, ಒಡೆದು ನೊರೆಯಾಗುವುದು ಸರ್ಫ್. ಮೊದಲನೆಯದಕ್ಕೆ ‘ಉಬ್ಬಲೆ’, ಎರಡನೆಯದಕ್ಕೆ ‘ನೊರೆಯಲೆ’ ಅಥವಾ ಸುಮ್ಮನೆ ‘ಅಲೆ ಒಡೆಯುವ ಜಾಗ’ ಎನ್ನಬಹುದು. ‘ಉಬ್ಬರ’ವನ್ನು ಮಾತ್ರ ಸ್ವೆಲ್‌ಗೆ ಹಾಕಬೇಡಿ, ಅದು ಚಂದ್ರನ ಲೆಕ್ಕದ ಭರತ-ಇಳಿತಕ್ಕೆ ಮೀಸಲಾಗಿ ಹೋಗಿದೆ. ಕ್ರಿಯಾಪದದಲ್ಲೂ ಸ್ವಲ್ಪ ಜಾಗ್ರತೆ: ಅಲೆ ‘ಅಪ್ಪಳಿಸುವುದು’ ಬಂಡೆಗೋ ತಡೆಗೋಡೆಗೋ, ಮರಳು ದಿಬ್ಬದ ಮೇಲೆ ತನ್ನಷ್ಟಕ್ಕೆ ‘ಒಡೆಯುತ್ತದೆ’. ನಮ್ಮ ಪತ್ರಿಕೆಗಳಲ್ಲಿ ಎಲ್ಲ ಅಲೆಯೂ ಅಪ್ಪಳಿಸುತ್ತಲೇ ಇರುತ್ತದೆ.

ಈ ಭೇದ ಬರೀ ಪಂಡಿತರಿಗಲ್ಲ. ಹವಾಮಾನದ ಸೂಚನೆಯಲ್ಲಿ ಅಲೆಯ ಎತ್ತರದ ಪಕ್ಕ ಸೆಕೆಂಡುಗಳ ಲೆಕ್ಕವೂ ಇರುತ್ತದೆ: ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಬಿಡುವು. ಇದನ್ನು ‘ಅವಧಿ’ ಎನ್ನುವುದಕ್ಕಿಂತ ‘ಅಲೆಯ ಬಿಡುವು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. 7-8 ಸೆಕೆಂಡು ಇದ್ದರೆ ಹತ್ತಿರದ ಗಾಳಿಯ ಅಲೆ, ಚಿಕ್ಕದು, ಚೆಲ್ಲಾಪಿಲ್ಲಿ. 16 ಸೆಕೆಂಡು ಇದ್ದರೆ ದೂರದ ಉಬ್ಬಲೆ, ಅದರ ಶಕ್ತಿ ಆಳದವರೆಗೂ ಇದೆ ಎಂದರ್ಥ. 16 ಸೆಕೆಂಡಿನ ಉಬ್ಬಲೆಯ ಗುಂಪು ಗಂಟೆಗೆ ಸುಮಾರು 45 ಕಿ.ಮೀ. ಸಾಗುತ್ತದೆ, 3,000 ಕಿ.ಮೀ. ಆಚೆಯ ಬಿರುಗಾಳಿಯ ಅಲೆ ಮೂರು ದಿನಕ್ಕೆ ಸ್ವಲ್ಪ ಮೊದಲೇ ಬಂದು ಸೇರುತ್ತದೆ. ಚಳಿಗಾಲದಲ್ಲಿ ಆಕಾಶ ತಿಳಿಯಾಗಿ, ಗಾಳಿ ನಿಂತು, ಸೂರ್ಯಾಸ್ತ ಬಲು ಚೆನ್ನಾಗಿರುವ ದಿನವೇ ಅಲೆ ಅತಿ ದೊಡ್ಡದಾಗಿರುವುದು ಇದರಿಂದಲೇ.

‘ಸ್ನೀಕರ್ ವೇವ್’ಗೆ ‘ಕಳ್ಳ ಅಲೆ’ ಎನ್ನಿ. ಹತ್ತಿಪ್ಪತ್ತು ನಿಮಿಷ ಸುಮ್ಮನಿದ್ದ ಕಡಲು ಒಮ್ಮೆಲೇ ಒಂದು ದೊಡ್ಡ ಅಲೆಯನ್ನು ಮರಳಿನ ಮೇಲೆ ಬಹುದೂರ ಓಡಿಸುತ್ತದೆ. ಫೋಟೋಗೆಂದು ನೀರಿಗೆ ಬೆನ್ನು ಹಾಕಿ ನಿಂತವರನ್ನು ಉರುಳಿಸುವುದು ಇದೇ. ಕೈಪಿಡಿಗೆ ಎರಡೇ ವಾಕ್ಯ ಸಾಕು: “ಕಡಲಿಗೆ ಬೆನ್ನು ತಿರುಗಿಸಬೇಡಿ. ಮರಳು ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಲ್ಲಿಯವರೆಗೆ ಅಲೆ ಬಂದೇ ಬರುತ್ತದೆ, ಒಣ ಮರಳಿನಲ್ಲೇ ನಡೆಯಿರಿ.”

‘ಬೇಸಿಗೆ’ಗೆ ಬರೋಣ. ಬೇಯುವ ಕಾಲ ಬೇಸಿಗೆ. ಓಷನ್ ಬೀಚಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೇಯುವುದು ಹಾಗಿರಲಿ, ಹಲವು ದಿನ ಮಧ್ಯಾಹ್ನವೂ 15 ಡಿಗ್ರಿ ಮುಟ್ಟುವುದು ಕಷ್ಟ. ವಾಯವ್ಯದ ಗಾಳಿ ಕರಾವಳಿಯ ಉದ್ದಕ್ಕೂ ಬೀಸುವಾಗ ಭೂಮಿಯ ತಿರುಗುವಿಕೆಯಿಂದ ಮೇಲಿನ ನೀರು ದಡ ಬಿಟ್ಟು ಹೊರಕ್ಕೆ ಸರಿಯುತ್ತದೆ, ತಣ್ಣಗಿನ ಅಡಿನೀರು ಮೇಲೇಳುತ್ತದೆ. ಅದರ ಮೇಲೆ ಹಾದ ತೇವದ ಗಾಳಿ ಮಂಜಾಗುತ್ತದೆ. ಒಳನಾಡಿನ ಕಣಿವೆ ಕಾದಷ್ಟೂ ಈ ಮಂಜನ್ನು ಎಳೆದುಕೊಳ್ಳುತ್ತದೆ. ಸ್ಯಾನ್ ಹೋಸೆಯಲ್ಲಿ 32 ಡಿಗ್ರಿ ಎಂದು ಅರೆತೋಳಿನ ಅಂಗಿಯಲ್ಲಿ ಹೊರಟವರು ಒಂದು ಗಂಟೆಯ ದಾರಿಯ ಕೊನೆಗೆ ನಡುಗುತ್ತ ನಿಲ್ಲುತ್ತಾರೆ. ಆದ್ದರಿಂದ ಋತುವಿನ ಹೆಸರೇ ಬೇಡ, ತಿಂಗಳು ಹೇಳಿ: ಹೋಗಲು ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ‘ಮಂಜು’ ಇರಲಿ, ‘ಇಬ್ಬನಿ’ ಬೇಡ. ಇಬ್ಬನಿ ಹುಲ್ಲಿನ ಮೇಲೆ ಬೆಳಗ್ಗೆ ಕೂರುತ್ತದೆ, ಬಿಸಿಲೇರಿದರೆ ಆರುತ್ತದೆ. ಇದು ಮಳೆಗಾಲದಲ್ಲಿ ಆಗುಂಬೆ ಘಾಟಿಯನ್ನು ದಾಟುವ ಮಂಜಿನಂತೆ ಗಾಳಿಯ ಜೊತೆ ನಡೆದು ಬರುವಂಥದ್ದು, ಅದೂ ಸಾಮಾನ್ಯವಾಗಿ ಸಂಜೆಗೆ. ಉಡುಪಿನ ವಿಚಾರದಲ್ಲಿ “ಬೆಚ್ಚಗಿನ ಉಡುಪು ಧರಿಸಿ” ಎಂದರೆ ಸ್ವೆಟರ್ ಹಾಕಿ ಬರುತ್ತಾರೆ, ಗಾಳಿ ಅದರೊಳಗೆ ತೂರಿ ಹೋಗುತ್ತದೆ. “ಸ್ವೆಟರ್, ಅದರ ಮೇಲೆ ಜರ್ಕಿನ್, ಕಿವಿ ಮುಚ್ಚುವ ಟೋಪಿ” ಎಂದು ಹೆಸರು ಹಿಡಿದೇ ಬರೆಯಿರಿ.

‘ಶಾಂತ ಸಾಗರ’ ನಿಘಂಟಿನಲ್ಲಿ ಸರಿ. 1520ರಲ್ಲಿ ಜಲಸಂಧಿ ದಾಟಿ ಬಂದ ಮೆಗೆಲನ್‌ಗೆ ಅದು ಶಾಂತವಾಗಿ ಕಂಡಿತ್ತು, ಆಗಲಿ. ಎಚ್ಚರಿಕೆಯ ಪುಟದಲ್ಲಿ ಮಾತ್ರ ‘ಪೆಸಿಫಿಕ್’ ಎಂದೇ ಇರಲಿ.

ಕೊನೆಯದು ಸೂರ್ಯಾಸ್ತ. ಜೂನ್ ಕೊನೆಯಲ್ಲಿ ಅಲ್ಲಿ ಹೊತ್ತು ಮುಳುಗುವುದು 8.35ರ ಸುಮಾರಿಗೆ, ಡಿಸೆಂಬರ್ ಆರಂಭದಲ್ಲಿ 4.50ಕ್ಕೆ. ‘ಸಂಜೆ 8.35’ ಎಂದರೂ ಕಿವಿಗೆ ಒಗ್ಗದು, ‘ರಾತ್ರಿ’ ಎಂದರೆ ನಗು. ‘ರಾತ್ರಿ’, ‘ಸಂಜೆ’ ಎರಡನ್ನೂ ಬಿಟ್ಟು “ಜೂನ್ ಕೊನೆಯಲ್ಲಿ ಹೊತ್ತು ಮುಳುಗುವುದು 8.35ಕ್ಕೆ” ಎಂದರೆ ಯಾರಿಗೂ ಗೊಂದಲವಿಲ್ಲ. ಮುಳುಗಿದ ಕೂಡಲೇ ಹೊರಡಬೇಡಿ ಎಂದೂ ಸೇರಿಸಿ. ನಮ್ಮ ಕರಾವಳಿಗಿಂತ ಅಲ್ಲಿ ಮುಸ್ಸಂಜೆ ಉದ್ದ, ಅರ್ಧ ಗಂಟೆಯವರೆಗೂ ಬೆಳಕಿರುತ್ತದೆ. ಮೇಲೆ ತೆಳು ಮೋಡವಿದ್ದರೆ ಬಣ್ಣ ಏರುವುದೇ ಆಮೇಲೆ. ಬಾನಂಚಿನಲ್ಲಿ ಮಂಜಿನ ಗೋಡೆ ಇದ್ದರೆ ಮಾತ್ರ ಸೂರ್ಯ ಹೇಳಿದ ಹೊತ್ತಿಗಿಂತ ಮೊದಲೇ ಅದರ ಹಿಂದೆ ಹೋಗಿಬಿಡುತ್ತಾನೆ. ಹಾಗಾಗಿ ಮುಕ್ಕಾಲು ಗಂಟೆ ಮುಂಚೆ ತಲುಪುವುದು ಲೇಸು.

ಇನ್ನೊಬ್ಬರಿಂದ

ಮೇಲಿನವರ ‘ಸೆಳೆತ’ಕ್ಕೆ ನನ್ನದೂ ಒಪ್ಪಿಗೆ. ಕರಾವಳಿಯಲ್ಲಿ “ನೀರು ಎಳೀತದೆ” ಎಂದೇ ಹೇಳುವುದು. ಗೋಕರ್ಣ, ಮುರ್ಡೇಶ್ವರದ ಸುದ್ದಿಗಳಲ್ಲಿ ‘ಸುಳಿಗೆ ಸಿಲುಕಿ’ ಎಂದು ಬರುವುದೂ ಬಹುಪಾಲು ಈ ಸೆಳೆತವನ್ನೇ, ಅಲ್ಲಿಯೂ ಬದಲಾಗಬೇಕು.

‘ಕಳ್ಳ ಅಲೆ’ಯ ಬಗ್ಗೆ ಒಂದು ತಕರಾರಿದೆ. ಮಲಯಾಳದ ‘ಕಳ್ಳಕ್ಕಡಲ್’ ಈಗ ನಮ್ಮ ಕರಾವಳಿಯ ಮುನ್ಸೂಚನೆಗಳಲ್ಲೂ ಕೇಳುತ್ತದೆ. 2012ರಲ್ಲಿ ಯುನೆಸ್ಕೋ ಒಪ್ಪಿದ ಪಾರಿಭಾಷಿಕ ಪದ ಅದು. ಊರಿನಲ್ಲಿ ಗಾಳಿಯೇ ಇಲ್ಲದಿರುವಾಗ ದಕ್ಷಿಣದ ದೂರದ ಉಬ್ಬಲೆ ಬಂದು ತಗ್ಗು ದಡಕ್ಕೆಲ್ಲ ನೀರು ನುಗ್ಗಿಸುವುದನ್ನು ಹಾಗೆನ್ನುತ್ತಾರೆ, ಗಂಟೆಗಟ್ಟಲೆ ನಡೆಯುವಂಥದ್ದು. ಕೈಪಿಡಿಯಲ್ಲಿ ಬೇಕಿರುವುದು ಒಂದೇ ಒಂದು ಅಲೆಯ ಮಾತು. ‘ಕಳ್ಳ ಅಲೆ’ ಎಂದು ಇಟ್ಟುಕೊಂಡರೆ ಪಕ್ಕದಲ್ಲೇ “ಇದ್ದಕ್ಕಿದ್ದಂತೆ ಬರುವ ಒಂಟಿ ದೊಡ್ಡ ಅಲೆ” ಎಂಬ ವಿವರಣೆ ಇರಲಿ.

ಆಟದ ಹೆಸರಿಗೆ ಹೊಸ ಪದ ಕಟ್ಟುವ ಗೋಜು ಬೇಡ. ಮೂಲ್ಕಿ, ಸಸಿಹಿತ್ಲು ಕಡೆ ಹುಡುಗರು ‘ಸರ್ಫಿಂಗ್’ ಎಂದೇ ಕಲಿತು ಆಡುತ್ತಾರೆ, ಹಲಗೆಗೆ ‘ಬೋರ್ಡ್’ ಎನ್ನುತ್ತಾರೆ. ಓಷನ್ ಬೀಚಿನಲ್ಲಿ ಸರ್ಫಿಂಗ್ ಮಾಡುವವರ ಮೈಮೇಲಿರುವುದು ‘ವೆಟ್‌ಸೂಟ್’. ‘ಒದ್ದೆ ಉಡುಪು’ ಎಂದು ಯಾರೋ ಅನುವಾದಿಸಿದ್ದನ್ನು ಓದಿ ನೆನೆದ ಬಟ್ಟೆ ಎಂದೇ ತಿಳಿದುಕೊಂಡವರಿದ್ದಾರೆ. “ಚಳಿ ತಡೆಯುವ ರಬ್ಬರ್ ಉಡುಪು” ಎಂದು ಒಮ್ಮೆ ಹೇಳಿ ಬಿಡಿ. “ಅಷ್ಟೊಂದು ಜನ ನೀರಿನಲ್ಲಿದ್ದಾರಲ್ಲ” ಎಂದು ನೋಡಿ ಇಳಿಯುವವರಿಗೆ ಈ ಸಾಲು ಬೇಕೇ ಬೇಕು: ಅವರು ತೊಟ್ಟಿರುವುದು 4-5 ಮಿ.ಮೀ. ದಪ್ಪದ ರಬ್ಬರ್, ಕಾಲಿಗೆ ಕಟ್ಟಿಕೊಂಡಿರುವುದು ತೇಲುವ ಬೋರ್ಡ್.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ‘ಹೊರಸೆಳೆತ’, ‘ಉಬ್ಬಲೆ’, ‘ಕಳ್ಳ ಅಲೆ’ ವಿವರಣೆಯೊಡನೆ ಸೇರಿಸಿದ್ದೇವೆ. ‘ನೊರೆಯಲೆ’ ಓದಿದವರು ನೊರೆಯನ್ನಷ್ಟೇ ನೆನೆದರು, ಅಲೆಯ ಪೆಟ್ಟನ್ನಲ್ಲ. ಹಾಗಾಗಿ ‘ಅಲೆ ಒಡೆಯುವ ಜಾಗ’ವನ್ನೇ ಇಟ್ಟಿದ್ದೇವೆ. ದಡದಲ್ಲಿ ಲೈಫ್ ಗಾರ್ಡ್ ಗೋಪುರಗಳಿಲ್ಲ, ಯಾರಾದರೂ ಸೆಳೆತಕ್ಕೆ ಸಿಕ್ಕಿದರೆ ಅವರ ಹಿಂದೆ ನೀರಿಗೆ ಇಳಿಯದೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ ಎಂಬುದನ್ನು ಮೊದಲ ಸಾಲಿಗೆ ತಂದಿದ್ದೇವೆ. ಜೊತೆಗೆ ದಡಕ್ಕಿಳಿಯುವ ಹತ್ತಿರದ ಮೆಟ್ಟಿಲುಸಾಲಿಗೆ ಕೊಟ್ಟಿರುವ ಸಂಖ್ಯೆ ನೋಡಿಟ್ಟುಕೊಳ್ಳಿ ಎಂದೂ ಇದೆ. ಸುಮಾರು 5.6 ಕಿ.ಮೀ. ಉದ್ದದ ದಡದಲ್ಲಿ “ಬೀಚಿನಲ್ಲಿದ್ದೇವೆ” ಎಂದಷ್ಟೇ ಹೇಳಿದರೆ ಬರುವವರು ಎಲ್ಲಿ ಹುಡುಕಬೇಕು?